ಎರಡು ಕಡಲು, ಒಂದೇ ಬಲೆ

ಕಾರವಾರದ ಕಾಳಿ ಅಳಿವೆಯಲ್ಲಿ ನಾನು ಒಂದು ವರ್ಷ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು) ಹಿಡಿಯುವ ಬಲೆ ಎಳೆದೆ. ಹುಡುಕುತ್ತಿದ್ದದ್ದು ಕೋಪೆಪಾಡ್‌ಗಳನ್ನು. ಇವು ಸಿಗಡಿ, ಏಡಿಗಳ ಬಳಗದವೇ, ಆದರೆ ಹೆಚ್ಚಿನವು ಎಳ್ಳಿಗಿಂತ ಚಿಕ್ಕವು. ಆಮೇಲೆ ನಾರ್ವೆಯ ಟ್ರೊಮ್ಸೊದಲ್ಲಿ ಕೆಲವು ತಿಂಗಳು ಇದೇ ಕೆಲಸ ಸಿಕ್ಕಿತು. ಕಾರವಾರ ಸುಮಾರು 15 ಡಿಗ್ರಿ ಉತ್ತರಕ್ಕಿದೆ, ಟ್ರೊಮ್ಸೊ ಸುಮಾರು 70 ಡಿಗ್ರಿಗೆ. ಧ್ರುವದ ಕಡೆ ಹೋದಂತೆ ಜಾತಿಗಳು ಕಡಿಮೆ ಎಂದು ಓದಿದ್ದೆ. ಕೈಯಾರೆ ಎಣಿಸಿ ನೋಡುವ ಆಸೆ ಇತ್ತು.

ಮೊದಲ ತಪ್ಪು ಬಲೆಯದ್ದು. ಶುರುವಿನಲ್ಲಿ 300 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಕಣ್ಣಿನ ಬಲೆ ಬಳಸಿದೆ. ನಮ್ಮ ಬೆಚ್ಚಗಿನ ನೀರಿನ ಕೋಪೆಪಾಡ್‌ಗಳು ತುಂಬಾ ಪುಟ್ಟವು. ಓಯ್ತೋನಾ ಎಂಬ ಕುಲದವು ಅರ್ಧ ಮಿಲಿಮೀಟರ್ ಉದ್ದ ಇರುತ್ತವೆ, ಅಗಲ ಇನ್ನೂ ಕಡಿಮೆ. ಅಷ್ಟೂ ಕಣ್ಣಿನಿಂದ ನುಸುಳಿ ಹೋಗಿದ್ದವು! ಮೂರು ತಿಂಗಳ ಕೆಲಸ ಬಿಟ್ಟು 100 ಮೈಕ್ರಾನ್ ಬಲೆಯಲ್ಲಿ ಮತ್ತೆ ಶುರು ಮಾಡಿದೆ. ಉತ್ತರದ ಕಲಾನಸ್ ಎಂಬ ಕೋಪೆಪಾಡ್‌ಗಳು ಎರಡು ಮೂರು ಮಿಲಿಮೀಟರ್ ಬೆಳೆಯುತ್ತವೆ, ಅಲ್ಲಿ ದೊಡ್ಡ ಕಣ್ಣಿನ ಬಲೆ ಸಾಕು. ಆ ಬಲೆಯನ್ನೇ ಇಲ್ಲಿ ಎಳೆದರೆ ನಮ್ಮ ಕಡಲು ಸುಮ್ನೆ ಬಡವಾಗಿ ಕಾಣುತ್ತದೆ. ಅದಕ್ಕೇ ಟ್ರೊಮ್ಸೊಗೂ ಸಣ್ಣ ಕಣ್ಣಿನ ಬಲೆಯನ್ನೇ ಒಯ್ದೆ.

ಜೂನ್, ಜುಲೈ ಕಷ್ಟದ ತಿಂಗಳುಗಳು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಕಡಲೂ ಒರಟು. "ಈಗ ನೀರಲ್ಲಿ ಉಪ್ಪೇ ಇಲ್ಲ ತಂಗಿ, ಏನು ಸಿಗ್ತದೆ?" ಎಂದು ದೋಣಿಯವರು ಕೇಳಿದರು. ಆದರೂ ಅಳಿವೆಯ ಒಳಭಾಗಕ್ಕೆ ಕರೆದುಕೊಂಡು ಹೋದರು. ಅವರು ಹೇಳಿದ್ದು ನಿಜ. ಘಟ್ಟದ ಮಳೆ ನೀರು ನುಗ್ಗಿ ಮೇಲ್ನೀರು ಬಹುತೇಕ ಸಿಹಿಯಾಗಿತ್ತು. ಮೇ ತಿಂಗಳಲ್ಲಿ ಕಂಡ ಕಡಲ ಜಾತಿಗಳಲ್ಲಿ ಹೆಚ್ಚಿನವು ಮಾಯ. ನದಿಯಿಂದ ಬಂದ ಸಿಹಿನೀರಿನವು ಕೆಲವು ಇದ್ದವು. ಮಳೆ ತಗ್ಗಿ ಉಪ್ಪು ಏರಿದ ಮೇಲೆ ಪೆನಿಲಿಯಾ ಎಂಬ ಪುಟ್ಟ ಕ್ಲಾಡೊಸೆರಾ (ಇದೂ ಸಿಗಡಿ ಬಳಗದ್ದೇ, ಕೋಪೆಪಾಡ್ ಅಲ್ಲ) ಬಲೆಯ ತುದಿಯ ಡಬ್ಬಿ ತುಂಬುವಷ್ಟು ಬಂತು. ಗಂಡಿಲ್ಲದೆಯೇ ಮರಿ ಹಾಕುವ ಜೀವಿ, ಹಾಗಾಗಿ ಬೇಗ ಹೆಚ್ಚುತ್ತದೆ. ಆಮೇಲೆ ಅಕಾರ್ಷಿಯಾ, ಟೆಮೋರಾ, ಪ್ಯಾರಾಕಲಾನಸ್ ಎಂಬ ಕೋಪೆಪಾಡ್‌ಗಳು ಒಂದೊಂದಾಗಿ ಮರಳಿದವು. ಬೇಸಿಗೆ ಹೊತ್ತಿಗೆ ಹೆಸರುಗಳ ಪಟ್ಟಿ ಉದ್ದವಾಗಿತ್ತು. ಆದರೆ ಯಾವ ಜಾತಿಯೂ ರಾಶಿ ರಾಶಿ ಇರಲಿಲ್ಲ.

ಟ್ರೊಮ್ಸೊದಲ್ಲಿ ಉಲ್ಟಾ. ಅಲ್ಲಿ ಋತು ತಿರುಗುವುದು ಬೆಳಕಿನಿಂದ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಡಿಸೆಂಬರಿನಲ್ಲಿ ಮೇಲ್ನೀರಿನ ಬಲೆ ಹೆಚ್ಚುಕಡಿಮೆ ಖಾಲಿ ಬಂತು. ಫ್ಯೋರ್ಡಿನ (ಬೆಟ್ಟಗಳ ನಡುವೆ ಒಳನುಗ್ಗಿದ ಆಳದ ಕಡಲ ತೋಳು) ಆಳದಿಂದ ನೇರ ಮೇಲಕ್ಕೆ ಎಳೆದಾಗ ಕಲಾನಸ್ ಫಿನ್‌ಮಾರ್ಕಿಕಸ್ ಸಿಕ್ಕಿತು. ಹೊಟ್ಟೆಯೊಳಗೆ ಎಣ್ಣೆ ಚೀಲ ಹೊತ್ತು, ತಿನ್ನದೆ ಮಲಗಿದ್ದವು. ವಸಂತದಲ್ಲಿ ಪಾಚಿ ಹಬ್ಬುವ ಹೊತ್ತಿಗೆ ಮೇಲೇರಿ ಮೊಟ್ಟೆ ಇಡುತ್ತವೆ. ಜಾತಿಗಳು ಬೆರಳೆಣಿಕೆ, ಸಂಖ್ಯೆ ಅಪಾರ. ಕೆಲಸ ಸುಲಭ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಇದರ ನೆಂಟ ಕಲಾನಸ್ ಗ್ಲೇಸಿಯಾಲಿಸ್ ನೋಡಲು ಹೀಗೇ ಇರುತ್ತದೆ. ನಮ್ಮ ಕಡಲಿನ ಕೋಪೆಪಾಡ್‌ಗಳಲ್ಲಿ ಐದನೇ ಜೋಡಿ ಕಾಲು ಬಿಡಿಸಿ ನೋಡಿದರೆ ಬಹಳಷ್ಟು ಜಾತಿಗಳ ಗುರುತು ಸಿಗುತ್ತದೆ. ಅಲ್ಲಿ ಖಚಿತವಾಗಿ ಹೇಳಲು ಡಿಎನ್‌ಎ ನೋಡಬೇಕಾಯಿತು.

ಎಣಿಕೆಯಲ್ಲೂ ಒಂದು ಸೂಕ್ಷ್ಮ ಇದೆ. ಹೆಚ್ಚು ಜೀವಿ ಎಣಿಸಿದಷ್ಟೂ ಹೆಚ್ಚು ಜಾತಿ ಸಿಗುತ್ತದೆ, ಅಲ್ವಾ? ಆದ್ದರಿಂದ ಎರಡೂ ಕಡೆ ಬಲೆಯಲ್ಲಿ ಸಿಕ್ಕಿದ್ದನ್ನು ತುಂಬಿಟ್ಟ ಪ್ರತಿ ಬಾಟಲಿಯಿಂದ ಒಂದೇ ಸಂಖ್ಯೆಯ ಜೀವಿಗಳನ್ನು ತೆಗೆದು ಹೋಲಿಸಿದೆ. ಹಾಗೆ ಮಾಡಿದಾಗಲೂ ವರ್ಷದ ಲೆಕ್ಕದಲ್ಲಿ ಕಾರವಾರವೇ ಮುಂದೆ. ಆದರೆ ಜುಲೈ ಬಾಟಲಿ ಒಂದನ್ನೇ ನೋಡಿ ಬರೆದಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಮಳೆಗಾಲದ ಆ ಬಾಟಲಿಗಳಿಗಾಗಿ ದೋಣಿಯವರನ್ನು ಅಷ್ಟು ಕಾಡಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.