ಒಳಹೊಲಿಗೆ ನೋಡಿ ಹರಾಜು ಕೂಗಿ: ಸ್ಟಾರ್ ಟ್ರೆಕ್ ಸಮವಸ್ತ್ರ ಕೂಡಿಸಿದ ನನ್ನ ಅನುಭವ

ಹರಾಜಿನ ಕ್ಯಾಟಲಾಗ್ ತೆರೆದ ಕೂಡಲೇ ನಾನು ಹುಡುಕುವುದು ಬಟ್ಟೆಯ ಒಳಮಗ್ಗುಲಿನ ಫೋಟೋ. ಮುಂಭಾಗದ ಫೋಟೋ ಎಲ್ಲರೂ ಹಾಕುತ್ತಾರೆ. ಗೊಂಬೆಗೆ ತೊಡಿಸಿ, ಬೆಳಕು ಬಿಟ್ಟು, ಎದೆಗೆ ಬ್ಯಾಡ್ಜ್ ಅಂಟಿಸಿ ತೆಗೆದರೆ ಯಾವ ಸಮವಸ್ತ್ರವೂ ಚೆನ್ನಾಗೇ ಕಾಣುತ್ತದೆ. ಅಸಲಿಯೋ ಅಲ್ಲವೋ ಗೊತ್ತಾಗುವುದು ಕಾಲರ್ ಒಳಗೆ, ಕಂಕುಳ ಹೊಲಿಗೆಯಲ್ಲಿ, ಜಿಪ್‌ನ ಹಿಂದೆ. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಸೆರಗು ತಿರುವಿ ಹಿಂಬದಿಯ ನೂಲು ನೋಡ್ತಾರಲ್ವಾ, ಅದೇ ಕೆಲಸ ಇದು.

80ರ ದಶಕದಲ್ಲಿ ದೂರದರ್ಶನದಲ್ಲಿ ಹಳೆಯ ಸ್ಟಾರ್ ಟ್ರೆಕ್, ಅಂದರೆ ಬಾಹ್ಯಾಕಾಶದಲ್ಲಿ ಸಂಚರಿಸುವ ಹಡಗಿನ ಕಥೆಯ ಅಮೆರಿಕದ ಧಾರಾವಾಹಿ, ನೋಡಿ ಬೆಳೆದವರಲ್ಲಿ ನಾನೂ ಒಬ್ಬ. ಆಮೇಲೆ ಕೆಲಸಕ್ಕೆಂದು ಲಾಸ್ ಏಂಜಲೀಸ್ ಕಡೆ ಬಂದೆ. ಆ ಧಾರಾವಾಹಿ ತಯಾರಾದ ಊರಲ್ಲೇ ಇದ್ದೇನೆ ಅನ್ನುವುದು ತಲೆಯೊಳಗೆ ಸದಾ ಇತ್ತು. ಆದರೆ ಅದರ ಒಂದು ವಸ್ತು ನನ್ನ ಮನೆಗೆ ಬರಬಹುದು ಅಂತ ಅನ್ನಿಸಿದ್ದು 2006ರಲ್ಲಿ.

ಆ ವರ್ಷ ಸ್ಟಾರ್ ಟ್ರೆಕ್‌ಗೆ 40 ತುಂಬಿತ್ತು. ಅದರ ಸ್ಟುಡಿಯೋ ಸಿಬಿಎಸ್ ಪ್ಯಾರಾಮೌಂಟ್ ತನ್ನ ಗೋದಾಮಿನ ಬಾಗಿಲನ್ನೇ ತೆರೆಯಿತು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ ಮೂರು ದಿನ ಹರಾಜು. ಸಾವಿರಕ್ಕೂ ಹೆಚ್ಚು ಲಾಟ್ (ಒಂದು ಬಾರಿಗೆ ಕೂಗುವ ವಸ್ತು ಅಥವಾ ವಸ್ತುಗಳ ಗುಂಪು), ಒಟ್ಟು ಸುಮಾರು 71 ಲಕ್ಷ ಡಾಲರ್ ವ್ಯಾಪಾರ. ಸ್ಟಾರ್ ಟ್ರೆಕ್‌ನ ನಂತರದ 'ನೆಕ್ಸ್ಟ್ ಜನರೇಶನ್' ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯ ಆರಡಿ ಮಾದರಿಗೆ 25ರಿಂದ 35 ಸಾವಿರ ಡಾಲರ್ ಬರಬಹುದು ಅಂತ ಅಂದಾಜು ಹಾಕಿದ್ದರು. ಹೋಗಿದ್ದು 5,76,000 ಡಾಲರ್‌ಗೆ. ಪತ್ರಿಕೆಗಳಲ್ಲಿ ಬಂದಿದ್ದು ಇದೇ ಸುದ್ದಿ. ನನ್ನಂಥವರಿಗೆ ನಿಜವಾಗಿ ದಾರಿ ತೆರೆದಿದ್ದು ಅದರ ನಂತರ. ಗೋದಾಮಿನಲ್ಲಿ ಉಳಿದಿದ್ದ ರಾಶಿ ರಾಶಿ ಬಟ್ಟೆಯನ್ನು ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನ ಇಟ್ಸ್ ಎ ರ‍್ಯಾಪ್ ಅಂಗಡಿಯವರು ಈಬೇ ಜಾಲತಾಣದಲ್ಲಿ ಒಂದೊಂದಾಗಿ ಹರಾಜಿಗೆ ಹಾಕಿದರು. ಸ್ಟುಡಿಯೋಗಳ ಬಟ್ಟೆ ಮಾರುವ ಅಂಗಡಿ ಅದು, ಮ್ಯಾಗ್ನೋಲಿಯಾ ರಸ್ತೆಯಲ್ಲಿದೆ. ನಾಯಕರ ಬಟ್ಟೆ ಜೊತೆ ಎಕ್ಸ್‌ಟ್ರಾಗಳ ಬಟ್ಟೆಯೂ ಬಂತು. ಹೆಸರಿಲ್ಲದೆ ಹಡಗಿನ ಕಾರಿಡಾರ್‌ನಲ್ಲಿ ಆ ಕಡೆಯಿಂದ ಈ ಕಡೆ ನಡೆದು ಹೋಗುತ್ತಿದ್ದವರ ಬಟ್ಟೆ. ನಾನು ಹಿಡಿದಿದ್ದು ಅದನ್ನೇ.

ಇದಕ್ಕೆ ದುಡ್ಡು ಒಂದು ಕಾರಣ, ನಿಜ. ಆದರೆ ಅದಷ್ಟೇ ಅಲ್ಲ. 'ನೆಕ್ಸ್ಟ್ ಜನರೇಶನ್' ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಮಾತಾಡುವಾಗ ಹಿಂದೆ ಯಾರೋ ಒಬ್ಬರು ಪ್ಯಾಡ್ (ಕೈಯಲ್ಲಿ ಹಿಡಿಯುವ ಕಂಪ್ಯೂಟರ್) ಹಿಡಿದು ಹಾದು ಹೋಗದಿದ್ದರೆ ಆ ಹಡಗು ಬರೀ ಪ್ಲೈವುಡ್ ಸೆಟ್. ಅದರಲ್ಲಿ ಸಾವಿರ ಜನ ಬದುಕುತ್ತಿದ್ದಾರೆ ಅಂತ ನಾವು ನಂಬಿದ್ದು ಈ ಎಕ್ಸ್‌ಟ್ರಾಗಳಿಂದ. ಅವರ ಬಟ್ಟೆಗೂ ಬೆಲೆ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಇನ್ನೊಂದು ಲಾಭವೂ ಇದೆ. ನಾಯಕನ ಬಟ್ಟೆಗೆ ನಕಲು ಹೊಲಿದರೆ ಲಕ್ಷಗಟ್ಟಲೆ ಗಿಟ್ಟುತ್ತದೆ. ಎಕ್ಸ್‌ಟ್ರಾ ಬಟ್ಟೆಗೆ ಅಷ್ಟು ಕಷ್ಟಪಡುವವರು ಕಡಿಮೆ.

ಈಗ ಬಟ್ಟೆ ಓದುವ ವಿಷಯಕ್ಕೆ ಬರುತ್ತೇನೆ. 'ನೆಕ್ಸ್ಟ್ ಜನರೇಶನ್' 1987ರಿಂದ 1994ರವರೆಗೆ ಏಳು ಸೀಸನ್ ಬಂತು. ಮೊದಲ ಎರಡು ಸೀಸನ್‌ನ ಸಮವಸ್ತ್ರ ಸ್ಪ್ಯಾಂಡೆಕ್ಸ್‌ನ, ಅಂದರೆ ಎಳೆದರೆ ಹಿಗ್ಗುವ ಬಟ್ಟೆಯ, ಜಂಪ್‌ಸೂಟ್. ಮೇಲಂಗಿ, ಪ್ಯಾಂಟ್ ಸೇರಿ ಒಂದೇ ತುಂಡು. ವಿನ್ಯಾಸ ವಿಲಿಯಂ ವೇರ್ ಥೀಸ್ ಅವರದು. ಮೂಲ ಧಾರಾವಾಹಿಗೂ ಬಟ್ಟೆ ಮಾಡಿದವರು ಅವರೇ. ಮೈಗೆ ಬಿಗಿಯಾಗಿ ಕೂರಲಿ ಅಂತ ಅಳತೆಗಿಂತ ಚಿಕ್ಕದಾಗಿ ಹೊಲಿಸಿದ್ದರು. ದಿನವಿಡೀ ತೊಟ್ಟ ನಟರಿಗೆ ಬೆನ್ನು ನೋವು ಶುರುವಾಯಿತು. ಮೂರನೇ ಸೀಸನ್‌ಗೆ ರಾಬರ್ಟ್ ಬ್ಲ್ಯಾಕ್‌ಮನ್ ಬಂದರು. ಉಣ್ಣೆಯ ಗ್ಯಾಬರ್ಡಿನ್ ಬಟ್ಟೆ ಬಂತು, ಎತ್ತಿದ ಕಾಲರ್ ಬಂತು, ಮುಖ್ಯ ಗಂಡು ನಟರಿಗೆ ಮೇಲಂಗಿ ಬೇರೆ, ಪ್ಯಾಂಟ್ ಬೇರೆ ಆಯಿತು. ಪಿಕಾರ್ಡ್ ಎದ್ದು ನಿಂತಾಗಲೆಲ್ಲ ಮೇಲಂಗಿಯನ್ನು ಕೆಳಗೆಳೆಯುವ ಅಭ್ಯಾಸ ಶುರುವಾಗಿದ್ದು ಆಗಲೇ. ಆದರೆ ಹಿಂದೆ ಓಡಾಡುವ ಎಕ್ಸ್‌ಟ್ರಾಗಳ ಮೈಮೇಲೆ ಹಳೆಯ ಸ್ಪ್ಯಾಂಡೆಕ್ಸ್ ಇನ್ನೂ ಸ್ವಲ್ಪ ಕಾಲ ಉಳಿಯಿತು. ಇದು ಗೊತ್ತಿದ್ದರೆ 'ಮೂರನೇ ಸೀಸನ್, ಸ್ಪ್ಯಾಂಡೆಕ್ಸ್' ಅಂತ ಬರೆದ ಲಾಟ್ ನೋಡಿ ಗಾಬರಿಯಾಗುವುದಿಲ್ಲ.

ಒಳಗಡೆ ಏನು ನೋಡುತ್ತೇನೆ? ಮೊದಲು ಹೆಸರಿನ ಪಟ್ಟಿ, ಅಂದರೆ ತೊಡುವವರ ಹೆಸರು ಬರೆದು ಹೊಲಿದ ಬಟ್ಟೆಯ ತುಂಡು. ಎಕ್ಸ್‌ಟ್ರಾ ಬಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಹಾಗಾಗಿ ಒಂದು ಹೆಸರು ಹೊಡೆದು ಹಾಕಿ ಇನ್ನೊಂದು ಬರೆದಿದ್ದರೆ ನನಗೆ ಖುಷಿ. ಆಮೇಲೆ ಎದೆಯ ಎಡಭಾಗ. ಕಮ್ಯುನಿಕೇಟರ್ ಬ್ಯಾಡ್ಜ್ (ಕಥೆಯಲ್ಲಿ ದೂರದವರ ಜೊತೆ ಮಾತಾಡುವ ಸಾಧನ) ಅಂಟುತ್ತಿದ್ದಿದ್ದು ವೆಲ್ಕ್ರೋ ಮೇಲೆ. ಆ ತುಂಡು ಅಲ್ಲಿರಬೇಕು, ಇಲ್ಲವೇ ಕಿತ್ತ ಹೊಲಿಗೆಯ ಗುರುತಾದರೂ ಇರಬೇಕು. ನಂತರ ಕಾಲರ್. ದರ್ಜೆ ತೋರಿಸುವ ಚಿಕ್ಕ ಪಿಪ್‌ಗಳನ್ನು ಚುಚ್ಚಿ ಕಿತ್ತ ತೂತುಗಳು ಅಲ್ಲಿ ಸಾಮಾನ್ಯ. ಎಲ್ಲಕ್ಕಿಂತ ಜಾಸ್ತಿ ನನಗೆ ಭರವಸೆ ಕೊಡುವುದು ಅಳತೆ ಬದಲಿಸಿದ ಗುರುತು. ಸೊಂಟದಲ್ಲಿ ಬಿಚ್ಚಿ ಮತ್ತೆ ಹೊಲಿದಿದ್ದು, ಕಾಲಿನ ತುದಿ ಇಳಿಸಿದ್ದು, ಹಳೆಯ ಮಡಿಕೆಯ ಗೆರೆ ಇನ್ನೂ ಕಾಣುವುದು. ಕೆಲಸ ಮಾಡಿದ ಬಟ್ಟೆಗೆ ಇದೆಲ್ಲ ಇರುತ್ತದೆ. ಅಭಿಮಾನಿ ಪ್ರೀತಿಯಿಂದ ಹೊಲಿದ ನಕಲು ಸಾಮಾನ್ಯವಾಗಿ ಇದಕ್ಕಿಂತ ಅಚ್ಚುಕಟ್ಟಾಗಿರುತ್ತದೆ, ಅದೇ ಅದರ ಗುರುತು. ಒಳಗಿನ ಫೋಟೋ ಇಲ್ಲದಿದ್ದರೆ ಹರಾಜು ಮನೆಗೆ ಮೇಲ್ ಹಾಕಿ ಕೇಳುತ್ತೇನೆ. ಒಳ್ಳೆಯ ಮನೆಯವರು ಕೇಳಿದ್ದೆಲ್ಲ ಕಳಿಸುತ್ತಾರೆ. ಕಳಿಸದಿದ್ದರೆ ಆ ಲಾಟ್ ಬಿಟ್ಟುಬಿಡುತ್ತೇನೆ.

ಹೆಸರಿನ ಪಟ್ಟಿಯೇ ಎಲ್ಲವೂ ಅಲ್ಲ ಅನ್ನುವುದಕ್ಕೂ ಒಂದು ಒಳ್ಳೆಯ ಉದಾಹರಣೆ ಇದೆ. 1994ರ ಸ್ಟಾರ್ ಟ್ರೆಕ್ ಸಿನಿಮಾ 'ಜನರೇಶನ್ಸ್'ಗೆ ಬೇರೆ ಸಮವಸ್ತ್ರ ಮಾಡಿಸಿ, ಕೊನೆಗೆ ಬೇಡವೆಂದರು. ಸಮಯ ಇರಲಿಲ್ಲ. ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿ 'ಡೀಪ್ ಸ್ಪೇಸ್ ನೈನ್'ನ ಬಟ್ಟೆಗಳನ್ನು ಎರವಲು ತಂದರು. ರೈಕರ್ ಪಾತ್ರದ ಜೋನಾಥನ್ ಫ್ರೇಕ್ಸ್ ತೊಟ್ಟಿದ್ದು 'ಡೀಪ್ ಸ್ಪೇಸ್ ನೈನ್' ನಾಯಕ ನಟ ಏವರಿ ಬ್ರೂಕ್ಸ್ ಅವರ ಸಮವಸ್ತ್ರ. ಫ್ರೇಕ್ಸ್ ಅವರಿಗೆ ಅದು ಗಿಡ್ಡ, ಅದಕ್ಕೇ ಸಿನಿಮಾದಲ್ಲಿ ತೋಳು ಮಡಚಿಕೊಂಡಿದ್ದಾರೆ. ಅಂದರೆ ಒಳಗೆ ಒಬ್ಬರ ಹೆಸರು, ಪರದೆ ಮೇಲೆ ಇನ್ನೊಬ್ಬರ ಮೈ. ಕಪ್ಪು ಬಟ್ಟೆ, ಬಣ್ಣದ ಭುಜದ ಈ ಜಂಪ್‌ಸೂಟ್ ವಿನ್ಯಾಸವೇ ಮುಂದಿನ ಸ್ಟಾರ್ ಟ್ರೆಕ್ ಧಾರಾವಾಹಿ 'ವಾಯೇಜರ್'ನಲ್ಲೂ ಮುಂದುವರಿಯಿತು. ಎಕ್ಸ್‌ಟ್ರಾ ಜಂಪ್‌ಸೂಟ್ ಒಂದನ್ನು ತೋರಿಸಿ ಇದು ಖಂಡಿತ ಇಂಥ ಧಾರಾವಾಹಿಯದೇ ಅಂತ ಯಾರಾದರೂ ಹೇಳಿದರೆ ಆಧಾರ ಏನು ಅಂತ ಕೇಳಬೇಕು.

ಆಧಾರಗಳಲ್ಲಿ ದೊಡ್ಡದು ಪರದೆ. ಬಟ್ಟೆಯ ಮೇಲಿನ ಒಂದು ಗುರುತು ಎಪಿಸೋಡ್‌ನಲ್ಲೂ ಅದೇ ಜಾಗದಲ್ಲಿ ಕಂಡರೆ ಅದನ್ನು ಸ್ಕ್ರೀನ್ ಮ್ಯಾಚ್ ಅನ್ನುತ್ತಾರೆ. 'ನೆಕ್ಸ್ಟ್ ಜನರೇಶನ್' ವಿಷಯದಲ್ಲಿ ಇದು ಬಹಳ ವರ್ಷ ಆಗದ ಮಾತಾಗಿತ್ತು. ಶೂಟಿಂಗ್ 35 ಎಂಎಂ ಫಿಲ್ಮ್‌ನಲ್ಲಿ ಆಗಿದ್ದರೂ ಎಡಿಟಿಂಗ್ ವಿಡಿಯೋ ಟೇಪ್‌ನಲ್ಲಿ ಆಗಿತ್ತು. ಡಿವಿಡಿಯಲ್ಲಿ ಎಲ್ಲವೂ ಮಸುಕು. 2012ರಿಂದ 2014ರ ನಡುವೆ ಮೂಲ ಫಿಲ್ಮ್ ಹುಡುಕಿ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ ಬ್ಲೂ-ರೇಯಲ್ಲಿ ತಂದರು. ಇದ್ದಕ್ಕಿದ್ದಂತೆ ಹೊಲಿಗೆ, ಸುಕ್ಕು, ಎಳೆದ ದಾರ ಎಲ್ಲ ಕಾಣತೊಡಗಿತು. ನಾನು ಎಪಿಸೋಡ್ ನಿಲ್ಲಿಸಿ, ಭುಜದ ಕಪ್ಪು ಭಾಗ ಮತ್ತು ಬಣ್ಣದ ಭಾಗ ಸೇರುವ ಗೆರೆಯನ್ನು ನನ್ನ ಫೋಟೋ ಪಕ್ಕ ಇಟ್ಟು ನೋಡುತ್ತೇನೆ. ಕೈಯಲ್ಲಿ ಹೊಲಿದ ಗೆರೆ ಎರಡು ಬಟ್ಟೆಯಲ್ಲಿ ಒಂದೇ ರೀತಿ ಬರುವುದು ಅಪರೂಪ. ಎಕ್ಸ್‌ಟ್ರಾ ಬಟ್ಟೆಗೆ ಮ್ಯಾಚ್ ಸಿಗುವುದು ಕಷ್ಟ. ಅವರು ಒಂದೆರಡು ಸೆಕೆಂಡ್ ಇರುತ್ತಾರೆ, ಅದೂ ಫೋಕಸ್‌ನ ಆಚೆ. ನನ್ನ ಬಳಿ ಇರುವ ಹೆಚ್ಚಿನವಕ್ಕೆ ಮ್ಯಾಚ್ ಇಲ್ಲ, ಸ್ಟುಡಿಯೋದಿಂದ ಬಂದ ದಾಖಲೆ ಇದೆ. ನನಗೆ ಅಷ್ಟು ಸಾಕು. ಯಾರಾದರೂ ಕೇಳಿದರೆ 'ಸ್ಟುಡಿಯೋ ಮಾಡಿಸಿದ್ದು' ಅಂತ ಹೇಳುತ್ತೇನೆ, 'ಪರದೆ ಮೇಲೆ ಬಂದಿದ್ದು' ಅಂತ ಹೇಳುವುದಿಲ್ಲ. ಕ್ಯಾಟಲಾಗ್‌ನಲ್ಲೂ ಈ ಎರಡು ಮಾತು ಬೇರೆ ಬೇರೆ, ಬೆಲೆಯೂ ಬೇರೆ.

1966ರಿಂದ 69ರ ಮೂಲ ಧಾರಾವಾಹಿಯ ವಸ್ತುಗಳ ಕಡೆ ನಾನು ಕೈ ಚಾಚುವುದಿಲ್ಲ. ಆಗ ಧಾರಾವಾಹಿ ನಿಂತ ಮೇಲೆ ಯಾರೂ ಜೋಪಾನ ಮಾಡಲಿಲ್ಲ. ಉಳಿದಿದ್ದು ಕಡಿಮೆ, ನಕಲು ಬಹಳ. ಆಗಿನ, ಕೈಯಲ್ಲಿ ಹಿಡಿಯುವ ಕಮ್ಯುನಿಕೇಟರ್ ಮಾಡಿದ್ದು ವಾಹ್ ಚಾಂಗ್ ಅನ್ನುವ ಅದ್ಭುತ ಕಲಾವಿದ. ಮುಖ್ಯ ದೃಶ್ಯಗಳಿಗೆ ಮಾಡಿದ್ದರಲ್ಲಿ ಒಳಗೆ ಸ್ಟಾಪ್‌ವಾಚ್‌ನ ಯಂತ್ರ ಕೂರಿಸಿ ಚಕ್ರದ ವಿನ್ಯಾಸ ತಿರುಗುವಂತೆ ಮಾಡಿದ್ದರು. ಅಂಥದ್ದು ಬೆರಳೆಣಿಕೆಯಷ್ಟು. ಅಭಿಮಾನಿಗಳು 70ರ ದಶಕದಿಂದಲೇ ಪ್ರತಿ ಮಾಡುತ್ತಾ ಬಂದಿದ್ದಾರೆ. ಆ ಪ್ರತಿಗಳಿಗೇ ಈಗ 50 ವರ್ಷ. ಬಣ್ಣ ಮಾಸಿದೆ, ಅಂಟು ಹಳದಿಯಾಗಿದೆ. ಹಳತಾಗಿ ಕಾಣುವುದು ಯಾವುದಕ್ಕೂ ಸಾಕ್ಷಿ ಅಲ್ಲ. ಬಟ್ಟೆಯಲ್ಲಾದರೆ ಒಂದೆರಡು ಸುಳಿವು ಇವೆ. ಮೂಲ ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕ್‌ನ 'ಬಂಗಾರದ' ವೆಲೂರ್ (ಮಖಮಲ್ಲಿನಂಥ ಬಟ್ಟೆ) ಅಂಗಿ ನಿಜವಾಗಿ ಹಸಿರು ಛಾಯೆಯದು, ಸೆಟ್‌ನ ದೀಪ ಮತ್ತು ಫಿಲ್ಮ್‌ನಿಂದ ಬಂಗಾರವಾಗಿ ಕಂಡಿತು. ಆ ವೆಲೂರ್ ಡ್ರೈಕ್ಲೀನ್ ಮಾಡಿದಾಗಲೆಲ್ಲ ಕುಗ್ಗುತ್ತಿತ್ತು, ಹಾಗಾಗಿ ಮೂರನೇ ಸೀಸನ್‌ಗೆ ನೈಲಾನ್ ಬಟ್ಟೆಗೆ ಬದಲಾದರು.

ಒಡೆತನದ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಮೂಲ ಎಂಟರ್‌ಪ್ರೈಸ್‌ನ 33 ಅಂಗುಲದ ಮೊದಲ ಮಾದರಿ ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ಅವರ ಬಳಿ ಇತ್ತು. 70ರ ದಶಕದಲ್ಲಿ ಎರವಲು ಕೊಟ್ಟಿದ್ದು ವಾಪಸ್ ಬರಲಿಲ್ಲ. 2023ರಲ್ಲಿ ಈಬೇಯಲ್ಲಿ ಒಂದು ಸಾವಿರ ಡಾಲರ್ ಆರಂಭದ ಬೆಲೆಗೆ ಕಾಣಿಸಿಕೊಂಡಿತು. ಅಭಿಮಾನಿಗಳು ಗುರುತು ಹಿಡಿದರು, ಅದನ್ನು ಮಾರಾಟದ ಪಟ್ಟಿಯಿಂದ ತೆಗೆದರು, ಹೆರಿಟೇಜ್ ಆಕ್ಷನ್ಸ್ ಎಂಬ ಹರಾಜು ಮನೆ ಪರೀಕ್ಷಿಸಿತು. 2024ರ ಏಪ್ರಿಲ್‌ನಲ್ಲಿ ಅದು ರಾಡನ್‌ಬೆರಿ ಮಗನ ಕೈ ಸೇರಿತು. ವಸ್ತು ಅಸಲಿ ಇದ್ದರೂ ಮಾರುವವರಿಗೆ ಅದು ಹೇಗೆ ಬಂತು ಅಂತ ಕೇಳಲೇಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಇನ್ನು ಕೂಗುವ ಲೆಕ್ಕ. ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆ ಅಲ್ಲ. ಮೇಲೆ ಹರಾಜು ಮನೆಯ ಪ್ರೀಮಿಯಂ, ಅಂದರೆ ಅವರ ಶುಲ್ಕ, ಸೇರುತ್ತದೆ. ಆ 5,76,000 ಡಾಲರ್‌ನ ನೌಕೆಯನ್ನೇ ನೋಡಿ. ಸುತ್ತಿಗೆ ಬಿದ್ದಿದ್ದು 5 ಲಕ್ಷಕ್ಕೆ. ಕ್ರಿಸ್ಟೀಸ್ ಆಗ ಮೊದಲ 2 ಲಕ್ಷಕ್ಕೆ ಶೇ 20, ಅದರ ಮೇಲಿನದಕ್ಕೆ ಶೇ 12 ಹಾಕುತ್ತಿತ್ತು. 40 ಸಾವಿರ ಮತ್ತು 36 ಸಾವಿರ, ಒಟ್ಟು 76 ಸಾವಿರ ಮೇಲೆ ಬಿತ್ತು. ನಾನು ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ಜೇಬಿನಿಂದ ಹೋಗಬಹುದಾದ ಗರಿಷ್ಠ 3,000 ಡಾಲರ್ ಅಂದುಕೊಳ್ಳಿ. ಪ್ರೀಮಿಯಂ ಶೇ 25, ಮಾರಾಟ ತೆರಿಗೆ ಶೇ 9.5 ಇದ್ದರೆ, ನಾನು ಕೂಗಬಹುದಾದದ್ದು 2,190ರ ಆಸುಪಾಸು. ಸಾಗಣೆ, ವಿಮೆ ಕಳೆದರೆ 2,100. ಆ ಅಂಕಿಯನ್ನು ಹಿಂದಿನ ರಾತ್ರಿಯೇ ಕಾಗದದಲ್ಲಿ ಬರೆದು ಪರದೆಯ ಪಕ್ಕ ಅಂಟಿಸುತ್ತೇನೆ. ಲೈವ್ ಹರಾಜಿನಲ್ಲಿ ಬೆಲೆ ಏರುವ ವೇಗದಲ್ಲಿ ಯೋಚಿಸಲು ಸಮಯ ಇರುವುದಿಲ್ಲ, ಅದಕ್ಕೇ ಯೋಚನೆ ಮೊದಲೇ ಮುಗಿದಿರಬೇಕು. ದಿನದ ಕೊನೆಯ ಲಾಟ್‌ಗಳ ಮೇಲೆ ನನಗೆ ಹೆಚ್ಚು ಕಣ್ಣು. ಅಷ್ಟು ಹೊತ್ತಿಗೆ ಬಹಳ ಜನರ ದುಡ್ಡು ಖಾಲಿಯಾಗಿರುತ್ತದೆ.

ಕೊಂಡ ಮೇಲೆ ಉಳಿಸಿಕೊಳ್ಳುವ ಕೆಲಸ ಇದೆ. ಉಣ್ಣೆಗೆ ನುಸಿ ಹುಳದ ಭಯ. ಹೊಸದಾಗಿ ಬಂದ ಬಟ್ಟೆಯನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ, ಡೀಪ್ ಫ್ರೀಜರ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಚಳಿ ಪೂರ್ತಿ ಇಳಿಯುವವರೆಗೆ ಚೀಲ ಬಿಚ್ಚುವುದಿಲ್ಲ, ಇಲ್ಲದಿದ್ದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ನಮ್ಮ ಮನೆಗಳಲ್ಲಿ ಬೀರುವಿಗೆ ಹಾಕುವ ನುಸಿಗುಳಿಗೆಯನ್ನು ಹತ್ತಿರ ತರುವುದಿಲ್ಲ. ನಾಫ್ತಲೀನ್ ಆವಿ ಪ್ಲಾಸ್ಟಿಕ್ ಭಾಗಗಳಿಗೆ ಕೆಡುಕು. ಹ್ಯಾಂಗರ್‌ಗೆ ಹತ್ತಿ ಸುತ್ತುತ್ತೇನೆ. ಬಿಸಿಲು ಬೀಳದ ಗೋಡೆ. ಫೋಮ್ ಮತ್ತು ಲೇಟೆಕ್ಸ್ ರಬ್ಬರ್‌ನ ಆಯುಧ, ಮುಖವಾಡಗಳನ್ನು ನಾನು ಕೊಳ್ಳುವುದಿಲ್ಲ. ಎಷ್ಟೇ ಜೋಪಾನ ಮಾಡಿದರೂ ಅವು ಪುಡಿಯಾಗುತ್ತವೆ, ಅದನ್ನು ನೋಡುತ್ತಾ ಕೂರುವ ಧೈರ್ಯ ನನಗಿಲ್ಲ.

ಕರ್ನಾಟಕದಿಂದ ಸ್ನೇಹಿತರು ಕೇಳುತ್ತಾರೆ, ಅಲ್ಲಿಗೇ ತರಿಸಬಹುದಾ ಅಂತ. ತರಿಸುವ ಮೊದಲು ಕಸ್ಟಮ್ಸ್ ಏಜೆಂಟ್ ಹತ್ತಿರ ಮಾತಾಡಿ ಅನ್ನುತ್ತೇನೆ. ನೂರು ವರ್ಷ ದಾಟದ ವಸ್ತು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುವುದಿಲ್ಲ. ತೊಟ್ಟ ಬಟ್ಟೆಯ ಆಮದಿಗೆ ಭಾರತದಲ್ಲಿ ನಿರ್ಬಂಧ ಇದೆ. ಪಾರ್ಸೆಲ್ ಯಾವ ಗುಂಪಿಗೆ ಸೇರುತ್ತದೆ ಅನ್ನುವುದು ಹಣ ಕಟ್ಟುವ ಮುಂಚೆ ತಿಳಿದಿರಬೇಕು, ಬಂದರಿನಲ್ಲಿ ನಿಂತ ಮೇಲೆ ಅಲ್ಲ.

ಸದ್ಯ ನಾನು ಕಾಯುತ್ತಿರುವುದು ಮೊದಲ ಸೀಸನ್‌ನ ಒಂದು ನೀಲಿ ಸ್ಪ್ಯಾಂಡೆಕ್ಸ್ ಜಂಪ್‌ಸೂಟ್‌ಗೆ. ಕೆಂಪು, ಹಳದಿ ಆಗಾಗ ಬರುತ್ತವೆ. ನೀಲಿ ಬಂದಾಗ ಎಳೆತ ಸತ್ತು ಜೋತು ಬಿದ್ದಿರುತ್ತದೆ. ಮುಂದಿನ ಕ್ಯಾಟಲಾಗ್‌ನಲ್ಲಿ ಒಂದು ಇದೆ, ಫೋಟೋ ಮುಂದಿನಿಂದ ಮಾತ್ರ ತೆಗೆದಿದ್ದಾರೆ. ಒಳಗಿನದು ಕಳಿಸಿ ಅಂತ ಮೇಲ್ ಹಾಕಿದ್ದೇನೆ.