ಭಾವನಿಗೆ ತೋಟ, ನನಗೆ ಕಚೇರಿ

ಬೇಸಿಗೆ ಬಂತು ಅಂದರೆ ಬೆಂಗಳೂರಿನವರೆಲ್ಲ ಚಿಕ್ಕಮಗಳೂರಿನ ಕಡೆ ಮುಖ ಮಾಡುತ್ತಾರೆ. ಶನಿವಾರ ಬೆಳಿಗ್ಗೆ ಕೈಮರದ ಹತ್ತಿರ ನಿಂತರೆ ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳ ಸಾಲು ಮುಗಿಯುವುದೇ ಇಲ್ಲ. ಅದೇ ಹೊತ್ತಿಗೆ ನಾನು, ನನ್ನ ಹೆಂಡತಿ ಬ್ಯಾಗು ಹಿಡಿದು ಬೆಂಗಳೂರಿಗೆ ಹೊರಟಿರುತ್ತೇವೆ. ರಾಮನವಮಿ ಸಂಗೀತ ಕಚೇರಿ ಕೇಳೋಕೆ.

‘ಏಪ್ರಿಲ್‌ನಲ್ಲಿ ಬೆಂಗಳೂರಾ? ತಲೆ ನೆಟ್ಟಗಿದೆಯಾ?’ ಅಂತ ನಮ್ಮೂರು ಆಲ್ದೂರಿನಲ್ಲಿ ಕೇಳದವರಿಲ್ಲ. ಸಂಗೀತ ಗೊತ್ತಿರುವ ಗೆಳೆಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಯೂಟ್ಯೂಬಲ್ಲಿ ಎಲ್ಲಾ ಬರುತ್ತಲ್ಲ ಮಾರಾಯ್ರೆ’ ಅಂದರು. ಎರಡು ವರ್ಷ ಅವರ ಮಾತೇ ನಿಜವಾಯಿತು. 2025ರಲ್ಲಿ ನನ್ನ ಲೆಕ್ಕ ಕೂಡಿಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ, 2023. ರಾಮನವಮಿ ಮಾರ್ಚ್ 30ಕ್ಕೆ ಬಂದಿತ್ತು. ನಮ್ಮದು ನಾಲ್ಕು ಎಕರೆ ರೋಬಸ್ಟಾ ಕಾಫಿ. ಬ್ಲಾಸಮ್‌ಗೆ, ಅಂದರೆ ಹೂ ಅರಳೋಕೆ ನೀರು ಕೊಟ್ಟಾಗಿತ್ತು, ಬ್ಯಾಕಿಂಗ್‌ಗೆ, ಅಂದರೆ ಕಾಯಿ ಕಟ್ಟೋಕೆ ಕೊಡುವ ಎರಡನೇ ನೀರಿಗೆ, ಇನ್ನೂ ಹತ್ತು ಹನ್ನೆರಡು ದಿನ ಇತ್ತು. ನಡುವೆ ಹೋಗಿ ಬಂದುಬಿಡೋಣ ಅಂತ ಹೊರಟೆ. ನನಗೆ ಬೇಕಿದ್ದದ್ದು ಒಬ್ಬರೇ ಕಲಾವಿದರು. ಅವರ ಕಚೇರಿ ಇದ್ದ ದಿನಕ್ಕೇ ಎಲ್ಲ ಹೊಂದಿಸಿದ್ದೆ. ಆ ಸಂಜೆ ಅವರು ಆಲಾಪನೆ ಶುರು ಮಾಡಿದ ಕಾಲು ಗಂಟೆಗೆ ಗಾಳಿ ಎದ್ದಿತು, ಹಿಂದೆಯೇ ಮಳೆ. ಶಾಮಿಯಾನದ ಹೊಟ್ಟೆ ನೀರು ತುಂಬಿ ಜೋತುಬಿತ್ತು. ಹುಡುಗನೊಬ್ಬ ಕೋಲಿನಿಂದ ತಿವಿದ, ನೀರೆಲ್ಲ ಎರಡನೇ ಸಾಲಿನ ಮೇಲೆ ಸುರಿಯಿತು. ಮೈಕ್ ಆಫ್, ಕಚೇರಿ ಮುಗಿಯಿತು. ಮಾರನೇ ದಿನ ಇನ್ನೊಂದು ಕಡೆ ಕೇಳೋಣ ಅಂದುಕೊಂಡರೆ ಬೆಳಿಗ್ಗೆ ಆರಕ್ಕೆ ತೋಟದಿಂದ ಫೋನು: ‘ಅಣ್ಣ, ಮೋಟ್ರು ಹೊಗೆ ಬಿಡ್ತಿದೆ.’ ಬಸ್ಸಿಗೆ, ಆಟೋಗೆ, ಊಟಕ್ಕೆ ಅಂತ ನಾಲ್ಕು ಸಾವಿರ ಚಿಲ್ಲರೆ. ಕೇಳಿದ್ದು ಕಾಲು ಗಂಟೆ ತೋಡಿ ರಾಗ.

ಎರಡನೇ ಸಲ, 2024. ರಾಮನವಮಿ ಏಪ್ರಿಲ್ 17ಕ್ಕೆ. ತೋಟದ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಕಾಫಿಗೆ ರೇಟೂ ಬಂದಿತ್ತು, ಹಾಗಾಗಿ ಕೈ ಸ್ವಲ್ಪ ಸಡಿಲ. ಮೆಜೆಸ್ಟಿಕ್ ಕಡೆ ಲಾಡ್ಜ್ ಮಾಡಿದೆ, ನಾಲ್ಕು ರಾತ್ರಿಗೆ ಏಳು ಸಾವಿರದ ಮೇಲೆ. ಆ ವರ್ಷದ ಬೆಂಗಳೂರು ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಬತ್ತಿ, ಎಲ್ಲಿ ನೋಡಿದರೂ ಟ್ಯಾಂಕರ್. ಲಾಡ್ಜಿನಲ್ಲಿ ಬೆಳಿಗ್ಗೆ ಏಳರಿಂದ ಎಂಟು ನೀರು, ಆಮೇಲೆ ಬಕೆಟ್ ಲೆಕ್ಕ. ಮಧ್ಯಾಹ್ನ ರೂಮಿನಲ್ಲಿ ಕೂರೋಕಾಗಲ್ಲ, ಹೊರಗೆ ಹೋಗೋಕಾಗಲ್ಲ. ಸಂಜೆ ಪೆಂಡಾಲಿಗೆ ಬರುವಷ್ಟರಲ್ಲಿ ಇಬ್ಬರೂ ಸುಸ್ತು. ಮುಖ್ಯ ಕೃತಿ ಬರುವ ಹೊತ್ತಿಗೆ ನನಗೆ ತೂಕಡಿಕೆ.

ಜೊತೆಗೆ ದುರಾಸೆ. ಒಂದು ದಿನ ಚಾಮರಾಜಪೇಟೆಯಲ್ಲಿ ಅರ್ಧ ಕೇಳಿ, ಆಟೋ ಹಿಡಿದು ಮಲ್ಲೇಶ್ವರಕ್ಕೆ ಓಡಿದೆವು. ಅಲ್ಲಿ ಹೋದರೆ ತನಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಸರದಿ, ಮುಗಿದು ಕೊನೆಯ ದೇವರನಾಮ ನಡೀತಿತ್ತು. ಆಟೋಗೆ ಮುನ್ನೂರೈವತ್ತು. ಒಟ್ಟು ಹದಿನೈದು ಸಾವಿರ ಹತ್ತಿರ ಖರ್ಚಾಗಿ ಪೂರ್ತಿ ಕೇಳಿದ್ದು ಮೂರು ಕಚೇರಿ. ಕಚೇರಿಗೆ ಐದು ಸಾವಿರ! ಇವಳು ಮೂರು ದಿನ ಮಾತಾಡಲಿಲ್ಲ. ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ತಾನು ಫ್ರೀಯಾಗಿ ಬಂದದ್ದಷ್ಟೇ ಲಾಭ ಅಂತ ಹೇಳಿದ್ದು ನಾಲ್ಕನೇ ದಿನ.

ಆ ಜಗಳದಲ್ಲೇ ದಾರಿ ಸಿಕ್ಕಿತು. ಹೆಂಡತಿಯ ಅಣ್ಣ ಹನುಮಂತನಗರದಲ್ಲಿದ್ದಾರೆ. ನಾನು ಅವರಿಗೆ ಭಾವ, ಅವರೂ ನನಗೆ ಭಾವ, ಫೋನಿನಲ್ಲಿ ‘ಏನ್ ಭಾವ?’ ‘ಏನಿಲ್ಲ ಭಾವ’ ಅಂತಲೇ ಅರ್ಧ ಮಾತು. ಅವರ ಮನೆಯಲ್ಲಿ ಉಳಿಯಬಹುದಿತ್ತು, ಆದರೆ ಎರಡು ರೂಮಿನ ಮನೆಯಲ್ಲಿ ಐದು ಜನರ ಮಧ್ಯೆ ನಾವಿಬ್ಬರು ಐದು ದಿನ ಅಂದರೆ ಯಾರಿಗೂ ಸುಖವಿಲ್ಲ. ರಾತ್ರಿ ಹತ್ತಕ್ಕೆ ಬಂದು ಬಾಗಿಲು ತಟ್ಟೋದು, ಅತ್ತಿಗೆ ನಿದ್ದೆಗಣ್ಣಲ್ಲಿ ಎದ್ದು ಸಾರು ಬಿಸಿ ಮಾಡೋದು, ಛೆ. ಆದರೆ ಅವರ ಮಕ್ಕಳಿಗೆ ಬೇಸಿಗೆ ರಜೆ, ಅವರಿಗೆ ಬೇಕಿರುವುದು ತಂಪು. ನನಗೆ ಬೇಕಿರುವುದು ಚಾಮರಾಜಪೇಟೆಗೆ ಹತ್ತಿರ ಒಂದು ಮನೆ. ‘ಭಾವ, ನೀವು ನಮ್ಮನೆಗೆ ಬನ್ನಿ, ನಾವು ನಿಮ್ಮನೆಗೆ ಬರ್ತೀವಿ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಅಲ್ಲ ಭಾವ, ನಾವು ಬಂದಾಗ ನೀವು ಮನೇಲಿ ಇಲ್ಲದಿದ್ರೆ ಜನ ಏನಂತಾರೆ?’ ನಮ್ಮ ಅಮ್ಮನೂ ಅದನ್ನೇ ಕೇಳಿದರು. ಅವರನ್ನು ಒಪ್ಪಿಸಿದ್ದು ಹೇಗೆ ಅನ್ನೋದು ಇಲ್ಲಿ ಬೇಡ.

2025ರಲ್ಲಿ ರಾಮನವಮಿ ಏಪ್ರಿಲ್ 6. ಈ ಸಲ ಲೆಕ್ಕ ತಲೆಕೆಳಗು ಮಾಡಿದೆ. ಮೊದಲು ತೋಟ, ಬ್ಯಾಕಿಂಗ್ ಮುಗಿಯೋವರೆಗೆ ಅಲುಗಾಡಲ್ಲ. ಆಮೇಲೆ ಮನೆ, ಭಾವನಿಗೆ ಯಾವ ಐದು ದಿನ ಆಗುತ್ತೋ ಅದೇ ದಿನ. ಕೊನೆಗೆ ಕಚೇರಿ ಪಟ್ಟಿ. ಆ ಐದು ದಿನ ಯಾರು ಹಾಡುತ್ತಾರೋ ಅವರನ್ನೇ ಕೇಳೋದು. ಹೆಸರು ಹಿಡಿದು ಹೋಗಲ್ಲ, ದಿನಕ್ಕೆ ಒಂದೇ. ಇದು ಮನಸ್ಸಿಗೆ ಒಪ್ಪೋದು ಕಷ್ಟ, ನನಗೂ ಆಯಿತು. ಆದರೆ ಆ ಐದು ದಿನದಲ್ಲಿ ಹೆಸರೇ ಕೇಳದ ಒಬ್ಬ ಹುಡುಗಿ ಹಾಡಿದ ಕಲ್ಯಾಣಿ ರಾಗ ಇನ್ನೂ ಕಿವಿಯಲ್ಲಿದೆ.

ಕಡೂರಿಗೆ ಬಸ್ಸು, ಅಲ್ಲಿಂದ ಹುಬ್ಬಳ್ಳಿ ಕಡೆಯಿಂದ ಬರುವ ರೈಲು. ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗದ ಮೆಟ್ರೋ. ಕೆ.ಆರ್. ಮಾರ್ಕೆಟ್ ಸ್ಟೇಷನ್‌ಗೆ ನೇರ, ಎಲ್ಲೂ ಬದಲಾಯಿಸಬೇಕಿಲ್ಲ, ಕಚೇರಿ ನಡೆಯುವ ಕೋಟೆ ಹೈಸ್ಕೂಲ್ ಮೈದಾನ ಅಲ್ಲೇ. ಮನೆಗಾದರೆ ಮುಂದಿನ ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಇಳಿದು ಒಂದು ಚಿಕ್ಕ ಆಟೋ. ಇದು ತಿಳಿಯೋಕೆ ನನಗೆ ಎರಡು ವರ್ಷ, ಆಟೋಗೆ ಎರಡು ಸಾವಿರ ಹಿಡಿಯಿತು.

ಕೋಟೆ ಮೈದಾನದಲ್ಲಿ ಈ ಕಚೇರಿಗಳನ್ನು ನಡೆಸುವ ರಾಮಸೇವಾ ಮಂಡಳಿ ಬಗ್ಗೆ ನಿಮಗೆ ಹೇಳಬೇಕಿಲ್ಲ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರು ಮಾಡಿದ್ದು. ನಮ್ಮ ತಂದೆ ಓದುವಾಗ ಟಿಕೆಟ್‌ಗೆ ಕಾಸಿಲ್ಲದೆ ಹೊರಗೆ ಫುಟ್‌ಪಾತ್ ಮೇಲೆ ಕೂತು ಎಂ.ಎಸ್. ಸುಬ್ಬುಲಕ್ಷ್ಮಿ ಹಾಡು ಕೇಳಿದ್ದರಂತೆ. ನಾನು ಒಳಗೆ ಕುರ್ಚಿಯಲ್ಲಿ ಕೂತಿದ್ದೆ, ಅಷ್ಟು ಮಟ್ಟಿಗೆ ಮನೆತನ ಮೇಲೆ ಬಂದಿದೆ!

ಕುರ್ಚಿ ಅಂದಾಗ ಒಂದು ಮಾತು. ಪೆಂಡಾಲಿನಲ್ಲಿ ಮುಂದಿನ ಸಾಲಿಗೆ ಜಾಸ್ತಿ ದುಡ್ಡು ಕೊಡಬೇಡಿ. ಅಲ್ಲಿ ಮೃದಂಗ ಎದೆಗೆ ಗುದ್ದುತ್ತೆ, ಪಿಟೀಲು ಕೇಳಲ್ಲ. ಸೌಂಡ್‌ನವರು ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಮುಂದಿನ ಎರಡು ಸಾಲು ಹಿಡೀರಿ. ಆತ ತನ್ನ ಕಿವಿಗೆ ಸರಿಮಾಡಿಕೊಂಡದ್ದೇ ನಿಮಗೂ ಸಿಗುತ್ತೆ. ಪೆಡೆಸ್ಟಲ್ ಫ್ಯಾನಿನ ಪಕ್ಕ ಮಾತ್ರ ಬೇಡ, ಗಾಳಿಯ ಆಸೆಗೆ ಒಂದು ದಿನ ಕೂತು ಇಡೀ ರಾಗ ತಾನ ಪಲ್ಲವಿಯನ್ನು ‘ಗರ್ರ್’ ಜೊತೆ ಕೇಳಿದೆ. ಟಿಕೆಟ್ ಮುಗಿದ ದಿನ ನಾನು ಹೇಗೆ ಒಳಗೆ ಸೇರುತ್ತೇನೆ ಅನ್ನೋದನ್ನ ಬರೆಯಲ್ಲ. ಕಳ್ಳತನ ಅಲ್ಲ, ಲಂಚ ಅಲ್ಲ. ಹತ್ತು ಜನಕ್ಕೆ ಗೊತ್ತಾದರೆ ನಡೆಯಲ್ಲ, ಅಷ್ಟೇ.

ತನಿ ಶುರುವಾದ ತಕ್ಷಣ ಬಜ್ಜಿಗೆ ಎದ್ದು ಹೋಗುವವರ ಬಗ್ಗೆ ನನಗೆ ಕೋಪವಿದೆ. ಮೃದಂಗದವರು ಒಂದೂವರೆ ಗಂಟೆ ಕಾದಿರುತ್ತಾರೆ ಕಣ್ರೀ. ನಾನು ಕಚೇರಿಯ ಶುರುವಿಗೆ ಹಾಡುವ ವರ್ಣಕ್ಕೆ ಮೊದಲೇ ತಿಂದು ಮುಗಿಸುತ್ತೇನೆ. ಕಾಫಿ ಮಾತ್ರ ಹೊರಗೆ ಕುಡಿಯಲ್ಲ. ಬೆಳೆಯುವವನ ನಾಲಿಗೆಗೆ ಚಿಕೋರಿ ಜಾಸ್ತಿ ಆದರೆ ಆಗಲ್ಲ. ಮನೆಯಿಂದ ಪುಡಿ ಒಯ್ದು, ಡಿಕಾಕ್ಷನ್ ಹಾಕಿ, ಫ್ಲಾಸ್ಕಿನಲ್ಲಿ ತರುತ್ತೇನೆ. ಎರಡನೇ ದಿನವೇ ಪಕ್ಕದ ಕುರ್ಚಿಯ ಯಜಮಾನರು ಲೋಟ ಮುಂದೆ ಚಾಚಿದರು, ಮೂರನೇ ದಿನ ನಮಗೂ ಸೀಟು ಹಿಡಿದಿಟ್ಟಿದ್ದರು.

ಹಗಲು ಏನೂ ಇಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ಗಾಂಧಿ ಬಜಾರ್ ಸುತ್ತಾಟ, ಮಧ್ಯಾಹ್ನ ಗಟ್ಟಿ ನಿದ್ದೆ. ವಿದ್ಯಾರ್ಥಿ ಭವನಕ್ಕೆ ದೋಸೆಗೆ ಹೋದರೆ ಬಾಗಿಲು ಹಾಕಿತ್ತು, ಶುಕ್ರವಾರ ರಜೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಒಂದು ಸಂಜೆ ಮಗಳ ಒತ್ತಾಯಕ್ಕೆ, ಅವಳ ಪಿ.ಜಿ.ಯ ಗೆಳತಿಯರ ಜೊತೆ, ಬಯಲಿನಲ್ಲಿ ಬ್ಯಾಂಡ್ ಶೋಗೂ ಹೋದೆ. ಟಿಕೆಟ್ ಎರಡೂವರೆ ಸಾವಿರ, ಅದರ ಮೇಲೆ ಬುಕಿಂಗ್ ಫೀ ಬೇರೆ. ಮೂರು ಗಂಟೆ ನಿಂತೇ ಇದ್ದೆ. ಸುಳ್ಳೇಕೆ, ಡ್ರಮ್ಸ್ ಬಾರಿಸಿದ ಹುಡುಗನ ಲೆಕ್ಕಾಚಾರ ನಮ್ಮ ತನಿಗೆ ಏನೂ ಕಡಿಮೆ ಇರಲಿಲ್ಲ. ಮಂಡಿ ಮಾತ್ರ ಎರಡು ದಿನ ನೋಯಿತು. ಆ ದುಡ್ಡನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ, ಅದು ಮಗಳ ಖಾತೆ.

ಹಾಗಾದರೆ ಒಟ್ಟು? ಬಸ್ಸು, ರೈಲು, ಮೆಟ್ರೋ ಸೇರಿ ಸಾವಿರದ ಐನೂರು ಇರಬಹುದು. ಟಿಕೆಟ್‌ಗೆ ಎರಡು ಸಾವಿರ. ಊಟ ತಿಂಡಿಗೆ ಎರಡೂವರೆ, ಅತ್ತಿಗೆಯ ಅಡುಗೆಮನೆ ಇದ್ದದ್ದಕ್ಕೆ ಅಷ್ಟಕ್ಕೇ ನಿಂತಿತು. ಆರು ಸಾವಿರಕ್ಕೆ ನಾಲ್ಕು ಪೂರ್ತಿ ಕಚೇರಿ, ಅದರಲ್ಲಿ ಒಂದು ಬೀದಿ ರಾಮಮಂದಿರದಲ್ಲಿ ಪಾನಕ, ಕೋಸಂಬರಿ ಸಮೇತ ಫ್ರೀ. ಇವಳು ಡೈರಿಯಲ್ಲಿ ಬರೆದಿಟ್ಟಿದ್ದಾಳೆ, ಹೆಚ್ಚು ಕಡಿಮೆ ಇದ್ದರೆ ನೂರಿನ್ನೂರು.

ಮನೆಗೆ ಬಂದು ನೋಡಿದರೆ ಒಂದು ಬಾಟಲಿ ಜೇನು ಖಾಲಿ, ಹಂಡೆ ಒಲೆಗೆ ಒಂದು ತಿಂಗಳ ಸೌದೆ ಉರಿದಿದೆ, ನಾಯಿ ದಪ್ಪಗಾಗಿದೆ. ಭಾವನ ಮಕ್ಕಳು ಬಸ್ಸು ಹತ್ತುವಾಗ ಅತ್ತರಂತೆ. 2026ರ ರಾಮನವಮಿ ಮಾರ್ಚ್ ಕೊನೆಗೇ, ಬ್ಯಾಕಿಂಗ್ ಆಗಿರುತ್ತೋ ಇಲ್ಲವೋ. ಅದನ್ನ ಭಾವನಿಗೆ ಹೇಳಿದೆ. ‘ಅದಕ್ಕೇನು ಭಾವ, ಸ್ಪ್ರಿಂಕ್ಲರ್ ಪೈಪ್ ಬದಲಾಯಿಸೋದು ನನಗೆ ಹೇಳಿಕೊಡಿ’ ಅಂದರು. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡಿದ ಮನುಷ್ಯ. ದೀಪಾವಳಿಗೆ ಬಂದಾಗ ಕಪ್ಲಿಂಗ್ ಹಾಕಿಸಿ ನೋಡಬೇಕು.