ಇಟಲಿಯ ಟಸ್ಕನಿ ಪ್ರದೇಶದ ವೈನ್ ಮನೆತನದ ಇತಿಹಾಸವನ್ನು ಪರಿಶೀಲಿಸುವುದು ಹೇಗೆ

ಬಾಟಲಿಯ ಮೇಲೆ ಅಚ್ಚಾದ ಹಳೆಯ ಇಸವಿ ಸಾಮಾನ್ಯವಾಗಿ ಸುಳ್ಳಲ್ಲ. ಅದು ಯಾವುದರ ಇಸವಿ ಎಂಬುದರಲ್ಲಿ ನಾವು ಎಡವುತ್ತೇವೆ. ಆಂತಿನೋರಿ ಮನೆತನದ 1385, ಜೊವಾನ್ನಿ ದಿ ಪಿಯೆರೊ ಆಂತಿನೋರಿ ಫ್ಲಾರೆನ್ಸಿನ ವೈನ್ ವರ್ತಕರ ಸಂಘಕ್ಕೆ ಸೇರಿದ ವರ್ಷ. ರಿಕಾಸೊಲಿಯವರ 1141 ಇರುವುದು ಬ್ರೋಲಿಯೊ ಕೋಟೆಗೆ ಸಂಬಂಧಿಸಿ. ಬಿಯೊಂದಿ-ಸಾಂತಿಯ 1888 ಮಾತ್ರ ನೇರವಾಗಿ ಒಂದು ಬ್ರುನೆಲ್ಲೊ (ಮೊಂತಾಲ್ಚಿನೊ ಊರಿನ ಕೆಂಪು ವೈನ್) ವೈನಿನದು. ಹಾಗಾಗಿ ಜಮೀನು, ಬಳ್ಳಿ, ವ್ಯಾಪಾರ, ಬಾಟಲಿ ಎಂದು ನಾಲ್ಕು ಕಾಲಂ ಹಾಕಿ, ಸಿಕ್ಕ ಪ್ರತಿ ಇಸವಿಯನ್ನೂ ಅದಕ್ಕೆ ತಕ್ಕ ಒಂದೇ ಕಾಲಂಗೆ ಬರೆದುಕೊಳ್ಳಿ. ದಾಖಲೆ ಇಲ್ಲದ ಕಾಲಂ ಖಾಲಿಯೇ ಇರಲಿ.

ವಂಶವೃಕ್ಷಕ್ಕೆ ಕೈಹಾಕುವ ಮೊದಲು ಒಡೆತನ ನೋಡಿ. ಬ್ರೋಲಿಯೊದ ವೈನ್ ವ್ಯಾಪಾರ ಹೊರಗಿನ ಕಂಪನಿಗಳ ಪಾಲಾಗಿ, 1993ರಲ್ಲಿ ಫ್ರಾನ್ಸೆಸ್ಕೊ ರಿಕಾಸೊಲಿ ಅದನ್ನು ಮರಳಿ ಪಡೆದರು. ಬಿಯೊಂದಿ-ಸಾಂತಿ ಈಗ ಫ್ರಾನ್ಸಿನ ಇಪಿಐ ಸಮೂಹದ್ದು; ಹೆಸರು ಮಾತ್ರ ಹಳೆಯದೇ. ಇಟಲಿಯ ವಾಣಿಜ್ಯ ಮಂಡಳಿಯಿಂದ ಕಂಪನಿಯ ನೋಂದಣಿ ಪ್ರತಿ, ಅಂದರೆ ‘ವಿಝುರಾ ಕಮೆರಾಲೆ’, ತೆಗೆಸಿದರೆ ಇಂಥದ್ದು ಬೇಗ ಬಯಲಾಗುತ್ತದೆ.

ಜಮೀನಿನ ಕೆಲಸಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. 1427ರ ಫ್ಲಾರೆನ್ಸ್ ತೆರಿಗೆ ಘೋಷಣೆಗಳು ಅಲ್ಲಿನ ರಾಜ್ಯ ಪತ್ರಾಗಾರದಲ್ಲಿವೆ, ಆದರೆ ಅವುಗಳ ಜೊತೆ ನಕ್ಷೆ ಇಲ್ಲ. ಆರಂಭಕ್ಕೆ 1835ರಲ್ಲಿ ಜಾರಿಗೆ ಬಂದ ಟಸ್ಕನಿಯ ಭೂದಾಖಲೆಯೇ ಸುಲಭ. ಅದರ ನಕ್ಷೆಗಳು ಟಸ್ಕನಿಯ ಪ್ರಾದೇಶಿಕ ಸರ್ಕಾರದ ‘ಕಾಸ್ತೋರೆ’ ಯೋಜನೆಯಲ್ಲಿ ಆನ್‌ಲೈನ್‌ನಲ್ಲೇ ಸಿಗುತ್ತವೆ. ನಕ್ಷೆಯಲ್ಲಿ ತುಂಡಿನ ಸಂಖ್ಯೆ ಗುರುತಿಸಿ, ಅದೇ ಸಂಖ್ಯೆಯನ್ನು ಜೊತೆಗಿನ ಪಟ್ಟಿಯಲ್ಲಿ ಹುಡುಕಿದರೆ ಮಾಲೀಕ, ಬಳಕೆ, ವಿಸ್ತೀರ್ಣ ಸಿಗುತ್ತವೆ. ಅಳತೆ ಚದರ ಬ್ರಾಚ್ಚೊದಲ್ಲಿ ಇರುತ್ತದೆ: ಒಂದು ಬ್ರಾಚ್ಚೊ 0.5836 ಮೀಟರ್, ಆದ್ದರಿಂದ 10,000 ಚದರ ಬ್ರಾಚ್ಚೊ ಎಂದರೆ ಸುಮಾರು 0.34 ಹೆಕ್ಟೇರ್.

ಲೆಕ್ಕ ಕೆಡುವುದು ಇಲ್ಲೇ. ‘ಲವೊರಾತೀವೊ ವಿತಾತೊ’, ಅಂದರೆ ಬಳ್ಳಿಯಿರುವ ಉಳುಮೆ ಹೊಲ, ಎಂದು ನಮೂದಾದ ಹೊಲವೆಲ್ಲ ದ್ರಾಕ್ಷಿ ತೋಟವಲ್ಲ. ಅರ್ಧಪಾಲಿನ ಕೋರು ಪದ್ಧತಿಯಲ್ಲಿ ರೈತರು ಗೋಧಿ ಬೆಳೆಯುವ ಹೊಲದ ಅಂಚಿಗೂ ಸಾಲುಗಳಿಗೂ ಬಳ್ಳಿ ಹಾಕಿ, ಮೇಪಲ್ ಮರಗಳಿಗೆ ಹಬ್ಬಿಸುತ್ತಿದ್ದರು. ಪೂರ್ತಿ ವಿಸ್ತೀರ್ಣವನ್ನು ತೋಟಕ್ಕೆ ಸೇರಿಸಿದರೆ ಮನೆತನದ ವೈನ್ ಉತ್ಪಾದನೆ ಕಾಗದದ ಮೇಲೆ ಉಬ್ಬಿಬಿಡುತ್ತದೆ.

ಬಳ್ಳಿಯ ವಯಸ್ಸು ಬೇರೆಯೇ ಪ್ರಶ್ನೆ. ಬೇರು ತಿನ್ನುವ ಫಿಲೊಕ್ಸೆರಾ ಕೀಟ ಇಟಲಿಯಲ್ಲಿ 1879ರಲ್ಲಿ ಪತ್ತೆಯಾಯಿತು. ಆಮೇಲೆ ಅಮೆರಿಕದ ಬೇರುಗಿಡಗಳ ಮೇಲೆ ಕಸಿ ಕಟ್ಟುವುದು ಅನಿವಾರ್ಯವಾಯಿತು. ಟಸ್ಕನಿಯ ವೈನ್ ಸೀಮೆಯಾದ ಕಿಯಾಂತಿಯಲ್ಲಿ 1960–70ರ ದಶಕಗಳಲ್ಲಿ ಮಿಶ್ರ ಹೊಲಗಳನ್ನು ಕಿತ್ತು ಬರೀ ದ್ರಾಕ್ಷಿಯ ತೋಟ ಎಬ್ಬಿಸಿದರು. ‘ಐನೂರು ವರ್ಷದ ತೋಟ’ ಎಂದರೆ ಜಾಗದ ವಯಸ್ಸು ಅಷ್ಟೆ. ತುಂಡುವಾರು ನೆಟ್ಟ ವರ್ಷವನ್ನೇ ಕೇಳಿ.

ಕೊನೆಗೆ ಲೇಬಲ್. ‘ಇಂಬೊತ್ತಿಲ್ಯಾತೊ ಆಲ್ಲೊರಿಜಿನೆ’ ಎಂಬ ಸಾಲು ಬೆಳೆದವರೇ ಅಥವಾ ಬೆಳೆಗಾರರ ಸಹಕಾರ ಸಂಘವೇ ಬಾಟಲಿಗೆ ತುಂಬಿದ್ದನ್ನು ಸಾಮಾನ್ಯವಾಗಿ ಹೇಳುತ್ತದೆ. ಬರೀ ‘ಇಂಬೊತ್ತಿಲ್ಯಾತೊ ದಾ’ (‘ಇಂಥವರು ಬಾಟಲಿಗೆ ತುಂಬಿದ್ದು’) ಇದ್ದರೆ ವೈನ್ ಕೊಂಡು ತಂದದ್ದೂ ಆಗಿರಬಹುದು. ಕೆಲವೊಮ್ಮೆ ತುಂಬಿದವರ ಹೆಸರಿನ ಬದಲು ಕೋಡ್ ಇರುತ್ತದೆ. ಅದರಲ್ಲಿನ ‘ಎಸ್‌ಐ’ ಸಿಯೆನಾ ಪ್ರಾಂತ್ಯ, ‘ಎಫ್‌ಐ’ ಫ್ಲಾರೆನ್ಸ್.